ಮನೆಮಂದಿ ತುಂಬಿದ ಎಸ್‌ಯುವಿಯ ಎಳೆತ: ಅಳೆಯುವ ಮತ್ತು ಬಳಸುವ ಬಗೆ

ಎಸ್‌ಯುವಿ ಕೊಳ್ಳಲು ಹೊರಟವರು ಮೊದಲು ಮೈಲೇಜ್ ಕೇಳುತ್ತಾರೆ, ಆಮೇಲೆ ಪಿಕಪ್ ಕೇಳುತ್ತಾರೆ. ಪಠ್ಯಪುಸ್ತಕಗಳು ವೇಗೋತ್ಕರ್ಷ ಎಂದು ಕರೆಯುವ ಈ ಗುಣಕ್ಕೆ ಟ್ಯಾಕ್ಸಿ ಚಾಲಕರ ಮಾತಿನಲ್ಲಿ ಎಳೆತ ಎಂಬ ಹೆಸರಿದೆ. ಮೂರರಲ್ಲಿ ಅದೇ ಹೆಚ್ಚು ಸರಿಯಾದ ಪದ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಐದು ಜನ, ಅವರ ಚೀಲಗಳು, ಊರಿನಿಂದ ಹೊರಡುವಾಗ ಬೇಡವೆಂದರೂ ಡಿಕ್ಕಿಗೆ ಸೇರುವ ತೆಂಗಿನಕಾಯಿ ಮೂಟೆ ಇವಿಷ್ಟನ್ನೂ ಹೊತ್ತು ಗಾಡಿ ಎಷ್ಟು ಎಳೆಯುತ್ತದೆ ಎಂಬುದೇ ಮನೆಯವರಿಗೆ ಬೇಕಾದ ಲೆಕ್ಕ. ಆದರೆ ಮಾರಾಟದ ಕರಪತ್ರದಲ್ಲಿ ಇರುವುದು ಬೇರೆಯದೇ ಲೆಕ್ಕ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬ ಆ ಅಂಕಿ, ಹಗುರವಾದ ಗಾಡಿಯಲ್ಲಿ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದಾಗ ಸಿಗುವಂಥದ್ದು. ಸಂಸಾರ ಕೂರಿಸಿಕೊಂಡವರು ಹಾಗೆ ಓಡಿಸುವ ಸಂದರ್ಭ ವರ್ಷಕ್ಕೊಂದು ಬಂದರೆ ಹೆಚ್ಚು. ಲಾರಿಯ ಹಿಂದೆ 40 ಅಥವಾ 50ರಲ್ಲಿ ಹೋಗುತ್ತಿದ್ದವರು 80ಕ್ಕೆ ಏರಬೇಕಾಗುವುದು, ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಹಿಂದಿನವರಿಗೆ ತೊಂದರೆಯಾಗದಂತೆ ವೇಗ ಹಿಡಿಯಬೇಕಾಗುವುದು, ಏರಿನಲ್ಲಿ ಉಸಿರು ಬಿಡದೆ ಸಾಗಬೇಕಾಗುವುದು, ಇವು ನಿತ್ಯದ ಸಂದರ್ಭಗಳು. ಆದ್ದರಿಂದ ತಿಳಿದಿಟ್ಟುಕೊಳ್ಳಬೇಕಾದ ಅಂಕಿ ಸೊನ್ನೆಯಿಂದ ನೂರರದ್ದಲ್ಲ, 50ರಿಂದ 80ರದ್ದು. ಅದನ್ನೂ ನಿಮ್ಮ ಗಾಡಿಯಲ್ಲಿ, ನಿಮ್ಮ ಮನೆಯವರ ಭಾರದೊಂದಿಗೆ ನೀವೇ ಅಳೆದುಕೊಳ್ಳಬೇಕು.

ನನಗೆ ಇದು ಅರಿವಾದದ್ದು ಶಿರಾಡಿ ಘಾಟಿಯಲ್ಲಿ. ಗುಂಡ್ಯ ದಾಟಿ ಸಕಲೇಶಪುರದ ಕಡೆಗೆ ಹತ್ತುತ್ತಿದ್ದೆವು. ಡೀಸೆಲ್ ಎಂಜಿನ್ನಿನ ಮ್ಯಾನುಯಲ್ ಗಾಡಿ, ಒಳಗೆ ಐದು ಜನ, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಎ.ಸಿ. ಓಡುತ್ತಿತ್ತು. ಮುಂದೆ ಕಂಟೇನರ್ ಲಾರಿಯೊಂದು ಗಂಟೆಗೆ 25 ಕಿ.ಮೀ. ವೇಗದಲ್ಲಿ ತೆವಳುತ್ತಿತ್ತು. ನೇರವಾದ ಒಂದು ತುಂಡು ರಸ್ತೆ ಸಿಕ್ಕಿತೆಂದು ಮೂರನೇ ಗೇರಿನಲ್ಲೇ ಬಲಕ್ಕೆ ಬಂದು ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು 1,300ರಲ್ಲಿತ್ತು; ಒತ್ತಿದ ಮೇಲೂ ಅದು ಅಲ್ಲೇ ನಡುಗುತ್ತಿತ್ತು. ಎಂಜಿನ್ ಗುರುಗುಟ್ಟಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಲಾರಿಯ ಹಿಂಚಕ್ರಗಳ ಪಕ್ಕಕ್ಕೆ ಬರುವಷ್ಟರಲ್ಲಿ ಮೇಲಿನ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಹಿಂದಿನ ಸೀಟಿನಿಂದ ಅಮ್ಮ "ನಿಧಾನ ಮಾರಾಯ" ಎಂದಷ್ಟೇ ಅಂದರು. ಗಾಡಿಗೆ ಶಕ್ತಿ ಇರಲಿಲ್ಲವೆಂದಲ್ಲ, ತಪ್ಪು ನನ್ನದೇ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಎಂಜಿನ್ 2,000ದ ಆಸುಪಾಸಿನಲ್ಲಿರುತ್ತಿತ್ತು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಆಗಲೇ ಎಚ್ಚೆತ್ತಿರುತ್ತಿತ್ತು.

ಕರಪತ್ರದ ಅಂಕಿಗಳನ್ನು ಓದುವ ಬಗೆ

ಕರಪತ್ರದಲ್ಲಿ ಶಕ್ತಿಯನ್ನು ಅಶ್ವಶಕ್ತಿಯ ಅಳತೆಯಾದ ಪಿಎಸ್‌ನಲ್ಲೋ ಕಿಲೋವ್ಯಾಟ್‌ನಲ್ಲೋ ಕೊಟ್ಟಿರುತ್ತಾರೆ, ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಇವೆರಡರ ಸಂಬಂಧ ತಿಳಿಯಲು ಒಂದೇ ಗಾಡಿಯನ್ನು ಮೂರು ಎಂಜಿನ್‌ಗಳಲ್ಲಿ ನೋಡುವುದು ಒಳ್ಳೆಯದು. 2024ರಲ್ಲಿ ಹೊಸ ರೂಪದಲ್ಲಿ ಬಂದ ಹ್ಯುಂಡೈ ಕ್ರೆಟಾದಲ್ಲಿ ಮೂರೂ 1.5 ಲೀಟರಿನ ಎಂಜಿನ್‌ಗಳೇ: ಟರ್ಬೊ ಇಲ್ಲದ ಪೆಟ್ರೋಲ್ 115 ಪಿಎಸ್ ಮತ್ತು 144 ನ್ಯೂಟನ್ ಮೀಟರ್, ಡೀಸೆಲ್ 116 ಪಿಎಸ್ ಮತ್ತು 250 ನ್ಯೂಟನ್ ಮೀಟರ್, ಟರ್ಬೊ ಪೆಟ್ರೋಲ್ 160 ಪಿಎಸ್ ಮತ್ತು 253 ನ್ಯೂಟನ್ ಮೀಟರ್. ಮೊದಲೆರಡರ ಶಕ್ತಿ ಬಹುತೇಕ ಸಮ, ಆದರೂ ಓಡಿಸುವವನ ಕಾಲಿಗೆ ಅವು ಬೇರೆ ಬೇರೆ ಗಾಡಿಗಳಂತೆಯೇ ಕಾಣುತ್ತವೆ. ಪೆಟ್ರೋಲ್ ಎಂಜಿನ್ನಿನ ಪೂರ್ಣ ಟಾರ್ಕ್ ಸಿಗುವುದು 4,500 ಆರ್‌ಪಿಎಂನಲ್ಲಿ. ಡೀಸೆಲ್ಲಿನದು 1,500ರಿಂದ 2,750ರ ನಡುವೆಯೇ ಸಿಕ್ಕಿಬಿಡುತ್ತದೆ. ಹಾಗೆಂದು ಡೀಸೆಲ್ ಗಾಡಿಯ ಎಳೆತ ಹೆಚ್ಚುಕಡಿಮೆ ಇಮ್ಮಡಿ ಎಂದು ತಿಳಿಯಬಾರದು, ಏಕೆಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಗೇರ್‌ಗಳಿವೆ, ಪೆಟ್ರೋಲ್ ಗಾಡಿಯ ಗೇರ್‌ಗಳು ತನ್ನ ಕಡಿಮೆ ಟಾರ್ಕನ್ನು ಹೆಚ್ಚು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತವೆ. ಎಂಜಿನ್ನನ್ನು ಕೂಗಿಸಲು ಹಿಂಜರಿಯದವನಿಗೆ ಇಬ್ಬರ ಓಟವೂ ಹತ್ತಿರ ಹತ್ತಿರವೇ ಆದೀತು. ಆದರೆ ಗೇರ್ ಇಳಿಸದೆ, ಸದ್ದು ಮಾಡದೆ, ಒಂದಿಷ್ಟು ಕಾಲೊತ್ತಿ ಮುಂದೆ ಹೋಗಲು ಬಯಸುವವರೇ ನಮ್ಮಲ್ಲಿ ಹೆಚ್ಚು. ಅಂಥವರು ಟಾರ್ಕ್ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಆರ್‌ಪಿಎಂಗೆ ಸಿಗುತ್ತದೆ ಎಂಬ ಸಣ್ಣಕ್ಷರದ ಸಾಲನ್ನು ಓದಬೇಕು. ಟರ್ಬೊ ಪೆಟ್ರೋಲ್ ಹೆಚ್ಚು ಶಕ್ತಿ, ಹೆಚ್ಚು ಟಾರ್ಕ್ ಎರಡನ್ನೂ ಕೊಡುತ್ತದೆ. ಅದೇ 160 ಪಿಎಸ್ ಎಂಜಿನ್ ಹೊತ್ತ ಕ್ರೆಟಾ ಎನ್ ಲೈನ್ 8.9 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂಬುದು ಕಂಪನಿಯ ಹೇಳಿಕೆ.

ನಿಮ್ಮ ಗಾಡಿಯನ್ನು ನೀವೇ ಅಳೆಯುವ ಕ್ರಮ

ಮೊದಲು ಸ್ಪೀಡೋಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಎಂದು ಕಂಡುಕೊಳ್ಳಬೇಕು. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ನಿಯಮವಿರುವುದರಿಂದ ತಯಾರಕರು ಮೀಟರನ್ನು ಸ್ವಲ್ಪ ಹೆಚ್ಚು ತೋರಿಸುವಂತೆಯೇ ಮಾಡಿರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಮೀಟರಿನ ಪ್ರಕಾರ 80ರಲ್ಲಿ ಒಂದೇ ಸಮನೆ ಅರ್ಧ ನಿಮಿಷ ಸಾಗುತ್ತ, ಪಕ್ಕದಲ್ಲಿ ಕುಳಿತವರಿಂದ ಮೊಬೈಲಿನ ಜಿಪಿಎಸ್ ವೇಗವನ್ನು ಓದಿಸಿ. ಅದು 76 ಅಥವಾ 77 ಇದ್ದರೆ ಅಚ್ಚರಿಪಡಬೇಕಾಗಿಲ್ಲ. ಚೆಂದ ಕಾಣಲೆಂದು ದೊಡ್ಡ ಟೈರ್ ಹಾಕಿಸಿದವರ ಗಾಡಿಯಲ್ಲಿ ಈ ಅಂತರ ಕಡಿಮೆಯಾಗಿರುತ್ತದೆ, ಕೆಲವೊಮ್ಮೆ ತಿರುಗುಮುರುಗಾಗಿರುತ್ತದೆ; ಚಕ್ರದ ಸುತ್ತಳತೆ ಹೆಚ್ಚಿದಷ್ಟೂ ಎಳೆತವೂ ತುಸು ಕುಗ್ಗುತ್ತದೆ.

ಇನ್ನು ಕಾಲದ ಅಳತೆ. ಮೊಬೈಲಿನ ಜಿಪಿಎಸ್ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ತಿದ್ದಿಕೊಳ್ಳುವುದರಿಂದ ಐದಾರು ಸೆಕೆಂಡಿನ ಅಳತೆಯಲ್ಲಿ ಅದನ್ನು ನಂಬಿದರೆ ಒಂದು ಸೆಕೆಂಡಿನ ತಪ್ಪು ಸುಲಭವಾಗಿ ನುಸುಳುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಪಕ್ಕದವರು ಮೊಬೈಲಿನಲ್ಲಿ ಮೀಟರಿನ ವಿಡಿಯೊ ತೆಗೆಯುವುದು. ಮನೆಗೆ ಬಂದು ನಿಧಾನವಾಗಿ ನೋಡಿದರೆ ಅಂಕಿ 50 ದಾಟಿದ ಕ್ಷಣವೂ 80 ಮುಟ್ಟಿದ ಕ್ಷಣವೂ ಸೆಕೆಂಡಿನ ಹತ್ತನೇ ಒಂದು ಪಾಲಿನವರೆಗೆ ಸಿಗುತ್ತದೆ. ಬೆಳಗಿನ ಹೊತ್ತು, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲದ ಒಂದು ಕಿಲೋಮೀಟರ್, ಇವಿಷ್ಟು ಸಿಕ್ಕಿದಾಗ ಮಾತ್ರ, ಆ ರಸ್ತೆಯ ಫಲಕದ ಮಿತಿಯೊಳಗೇ ಇದನ್ನು ಮಾಡಬೇಕು. ಸ್ನೇಹಿತನ ಗಾಡಿಯನ್ನು ಪಕ್ಕಕ್ಕೆ ತಂದುಕೊಂಡು ಯಾರದ್ದು ಮುಂದೆ ಎಂದು ನೋಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಡಿ ಅಪರಾಧ. ಹೋಗುವಾಗ ಮೂರು ಸಲ, ಅದೇ ರಸ್ತೆಯಲ್ಲಿ ಮರಳುವಾಗ ಮೂರು ಸಲ ಅಳೆದು ಸರಾಸರಿ ತೆಗೆದರೆ ಕಣ್ಣಿಗೆ ಕಾಣದ ಏರಿಳಿತವೂ ಗಾಳಿಯೂ ಒಂದಕ್ಕೊಂದು ವಜಾ ಆಗುತ್ತವೆ. ಮ್ಯಾನುಯಲ್ ಗಾಡಿಯವರು ಇದೇ ಅಳತೆಯನ್ನು ಮೂರನೇ ಗೇರಿನಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಇನ್ನೊಮ್ಮೆ ಮಾಡಲೇಬೇಕು. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದರೆ ಗೇರ್ ಇಳಿಸುವ ಸೋಮಾರಿತನ ತಾನಾಗಿಯೇ ಬಿಟ್ಟುಹೋಗುತ್ತದೆ.

ಭಾರ, ಏರು, ಎತ್ತರ

ಒಬ್ಬರೇ ಚಾಲಕರಿದ್ದಾಗ ನಿಮ್ಮ ಗಾಡಿ 50ರಿಂದ 80ಕ್ಕೆ 5 ಸೆಕೆಂಡಿನಲ್ಲಿ ಏರಿತು ಎಂದಿಟ್ಟುಕೊಳ್ಳಿ. ಅಂದರೆ ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ 6 ಕಿ.ಮೀ.ನಂತೆ ಹೆಚ್ಚಿತು. ಖಾಲಿ ಗಾಡಿ 1,300 ಕಿಲೋ, ಚಾಲಕ 70 ಕಿಲೋ ಎಂದಾದರೆ ಒಟ್ಟು 1,370. ಇದಕ್ಕೆ ಇನ್ನೂ ನಾಲ್ವರು ಸೇರಿ 270 ಕಿಲೋ, ಸಾಮಾನು 80 ಕಿಲೋ ಹತ್ತಿದರೆ 1,720 ಆಗುತ್ತದೆ, ಭಾರ ಕಾಲು ಭಾಗ ಹೆಚ್ಚಿದಂತೆ. ಎಂಜಿನ್ ಅದೇ ಆದ್ದರಿಂದ ಸೆಕೆಂಡಿಗೆ 6ರ ಬದಲು 4.8ರಂತೆ ವೇಗ ಏರುತ್ತದೆ, 5 ಸೆಕೆಂಡಿನ ಕೆಲಸಕ್ಕೆ 6 ಸೆಕೆಂಡು ದಾಟುತ್ತದೆ. ಇದು ಸಮತಟ್ಟಿನ ಮಾತು. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗುರುತ್ವಾಕರ್ಷಣೆಯೇ ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 1.8 ಕಿ.ಮೀ.ನಷ್ಟು ವೇಗವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಗಾಡಿ ಹಗುರವಿರಲಿ ಭಾರವಿರಲಿ ಅದರ ಸುಂಕ ಒಂದೇ. ಹಾಗಾಗಿ 4.8ರಲ್ಲಿ ಉಳಿಯುವುದು 3 ಮಾತ್ರ, 50ರಿಂದ 80ಕ್ಕೆ ಹಿಡಿಯುವ ಕಾಲ 10 ಸೆಕೆಂಡು. ಗಾಡಿಯೂ ಅದೇ, ಚಾಲಕನೂ ಅವನೇ, ಆದರೆ ಕಾಲ ಇಮ್ಮಡಿ. ಆಫೀಸಿಗೆ ಒಬ್ಬರೇ ಹೋಗುವಾಗ ಕಾಲಿಗೆ ಹತ್ತಿದ ಅಂದಾಜು ಬೇಸಿಗೆ ರಜೆಯ ಪ್ರವಾಸದಲ್ಲಿ ಕೈಕೊಡುವುದು ಇದಕ್ಕೇ.

ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ಸುಂಕವಿದೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿ ತೆಳುವಾಗಿ ಪ್ರತಿ ನೂರು ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಗಾಡಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹತ್ತನೇ ಒಂದು ಭಾಗದ ಹತ್ತಿರ ಸೊರಗುತ್ತದೆ, ಊಟಿಯಲ್ಲಿ ಐದನೇ ಒಂದು ಭಾಗವನ್ನೇ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಓವರ್‌ಟೇಕ್‌ಗೆ ಎಷ್ಟು ರಸ್ತೆ ಬೇಕು

ಈಗ ಅಳೆದ ಅಂಕಿಯನ್ನು ಬಳಸುವ ಕೆಲಸ. ಎರಡು ಪಥದ ರಸ್ತೆಯಲ್ಲಿ 12 ಮೀಟರ್ ಉದ್ದದ ಲಾರಿ 50ರಲ್ಲಿ ಹೋಗುತ್ತಿದೆ, ನೀವು ಅದರ ಹಿಂದೆ 15 ಮೀಟರ್ ಅಂತರದಲ್ಲಿದ್ದೀರಿ, ದಾಟಿದ ಮೇಲೆ ಅದರ ಮುಂದೆ ಅಷ್ಟೇ ಅಂತರ ಬಿಟ್ಟು ಎಡಕ್ಕೆ ಸೇರಬೇಕು. ನಿಮ್ಮ ಗಾಡಿಯ ಉದ್ದವನ್ನೂ ಸೇರಿಸಿದರೆ ಲಾರಿಗಿಂತ ನೀವು ಸುಮಾರು 46 ಮೀಟರ್ ಹೆಚ್ಚು ಸಾಗಬೇಕು. 50ರಿಂದ 80ಕ್ಕೆ 5 ಸೆಕೆಂಡು ಸಾಕಾಗುವ ಗಾಡಿಗೆ, 80 ಮುಟ್ಟಿದ ಮೇಲೆ ಅಲ್ಲೇ ನಿಂತರೆ, ಇದಕ್ಕೆ 8 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೀವು 160 ಮೀಟರ್ ಹೋಗಿರುತ್ತೀರಿ, ಎದುರಿನಿಂದ 70ರಲ್ಲಿ ಬರುವ ಬಸ್ಸು ಹೆಚ್ಚುಕಡಿಮೆ ಅಷ್ಟೇ ಬಂದಿರುತ್ತದೆ. ಎರಡೂ ಸೇರಿ 315 ಮೀಟರ್. 10 ಸೆಕೆಂಡು ಬೇಕಾಗುವ, ಭಾರ ಹೊತ್ತು ಏರು ಹತ್ತುವ ಗಾಡಿಗೆ ಇದೇ ಕೆಲಸಕ್ಕೆ ಹತ್ತೂವರೆ ಸೆಕೆಂಡಿಗಿಂತ ಹೆಚ್ಚು ಕಾಲವೂ 400 ಮೀಟರ್ ರಸ್ತೆಯೂ ಬೇಕು. ಇವು ಎದುರಿನ ಬಸ್ಸನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವ ಲೆಕ್ಕಗಳು ಎಂಬುದನ್ನು ಮರೆಯಬಾರದು, ನೆಮ್ಮದಿಗೆ ಇನ್ನೂ 100 ಮೀಟರಾದರೂ ಸೇರಿಸಿಕೊಳ್ಳಬೇಕು. ಬಲಕ್ಕೆ ಬಂದ ಮೇಲೆ ಟರ್ಬೊ ಎಚ್ಚರಾಗಲು ಒಂದು ಸೆಕೆಂಡು ಕಾದರೆ ಇಬ್ಬರ ನಡುವಿನ ರಸ್ತೆಯಲ್ಲಿ 33 ಮೀಟರ್ ಕರಗಿಹೋಗುತ್ತದೆ.

ಹೀಗಾಗಿ ಓವರ್‌ಟೇಕ್ ಆರಂಭವಾಗಬೇಕಾದದ್ದು ಎಡ ಪಥದಲ್ಲಿರುವಾಗಲೇ. ಲಾರಿಯ ಬಾಲಕ್ಕೆ ಅಂಟಿಕೊಳ್ಳದೆ ಹಿಂದೆ ನಿಂತು, ಎದುರಿನ ರಸ್ತೆ ಪೂರ್ತಿ ಕಾಣುವಾಗ ಗೇರ್ ಇಳಿಸಿ, ಎಂಜಿನ್ 2,000 ದಾಟಿದ್ದನ್ನು ಕಿವಿಯಿಂದ ಖಚಿತಪಡಿಸಿಕೊಂಡು, ಆಮೇಲೆ ಬಲಕ್ಕೆ ಬನ್ನಿ. ಟರ್ಬೊ ಇಲ್ಲದ ಪೆಟ್ರೋಲ್ ಆದರೆ 3,000 ದಾಟಿರಬೇಕು. ಅದರ ಕೂಗು ಕೇಳಿ ಹಿಂದಿನ ಸೀಟಿನವರು ಗಾಬರಿಯಾದರೂ ಎಂಜಿನ್ನಿಗೆ ಏನೂ ಆಗುವುದಿಲ್ಲ. ಲಾರಿಯ ಪಕ್ಕದಲ್ಲಿರುವಾಗ ಗೇರ್ ಮೇಲಕ್ಕೆ ಬದಲಿಸುವ ಚಪಲ ಬೇಡ.

ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರಿನ ಸ್ವಭಾವವನ್ನು ತಿಳಿದುಕೊಳ್ಳದೆ ಗತಿಯಿಲ್ಲ. ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವವು ಪೆಡಲನ್ನು ತಳಕ್ಕೆ ಒತ್ತಿದಾಗ ಅರೆಕ್ಷಣ ಯೋಚಿಸಿ ಒಂದೆರಡು ಗೇರ್ ಇಳಿದು ಮುನ್ನುಗ್ಗುತ್ತವೆ. ಎರಡು ಕ್ಲಚ್ಚಿನ ಡಿಸಿಟಿ ಓಡುವಾಗ ಮಿಂಚಿನಂತೆ ಬದಲಾಗುತ್ತದೆ; ಆದರೆ ಘಾಟಿಯಲ್ಲಿ ಲಾರಿಯ ಹಿಂದೆ ತೆವಳುತ್ತ, ಆಕ್ಸಿಲರೇಟರಿನಲ್ಲೇ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದರೆ ಅದರ ಕ್ಲಚ್ ಬಿಸಿಯೇರುತ್ತದೆ. ಹಂತ ಹಂತದ ಗೇರ್ ಇಲ್ಲದ ಸಿವಿಟಿಯಲ್ಲಿ ಸದ್ದು ಮೊದಲು, ವೇಗ ಆಮೇಲೆ; ಸದ್ದನ್ನು ಕೇಳಿ ವೇಗವನ್ನು ಅಂದಾಜಿಸುವ ನಮ್ಮ ಹಳೆಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಎಎಂಟಿ ಇರುವವರು ಓವರ್‌ಟೇಕ್‌ಗೆ ಮುನ್ನ ಮ್ಯಾನುಯಲ್ ಕ್ರಮಕ್ಕೆ ಬದಲಿಸಿ ತಾವೇ ಗೇರ್ ಇಳಿಸಿಕೊಳ್ಳುವುದು ಕ್ಷೇಮ, ಇಲ್ಲವಾದರೆ ಗೇರ್ ಬದಲಾಗುವ ಆ ತೂಕಡಿಕೆ ಲಾರಿಯ ಪಕ್ಕದಲ್ಲೇ ಬರುತ್ತದೆ. ಇಕೊ ಮೋಡ್‌ನಲ್ಲಿ ಪೆಡಲಿನ ಸ್ಪಂದನ ಮಂದವಾಗಿರುವುದರಿಂದ ಎರಡು ಪಥದ ರಸ್ತೆಗೆ ಇಳಿಯುವ ಮುನ್ನವೇ ಅದನ್ನು ತೆಗೆದುಬಿಡಿ.

ವಿದ್ಯುತ್ ಎಸ್‌ಯುವಿಗಳ ಕಥೆ ಬೇರೆ. ಅಲ್ಲಿ ಗೇರ್ ಇಳಿಸುವುದೂ ಇಲ್ಲ, ಟರ್ಬೊಗಾಗಿ ಕಾಯುವುದೂ ಇಲ್ಲ. ಪೆಡಲ್ ಒತ್ತಿದ ಕ್ಷಣವೇ ಟಾರ್ಕ್ ಹಾಜರು. 79 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಹೀಂದ್ರಾ ಎಕ್ಸ್‌ಇವಿ 9ಇ ಗಾಡಿಗೆ ನೂರು ಮುಟ್ಟಲು ಕಂಪನಿ ಹೇಳುವ ಕಾಲ 6.8 ಸೆಕೆಂಡು. ಒಂದು ಕಾಲಕ್ಕೆ ಇಂಥ ಅಂಕಿ ಸ್ಪೋರ್ಟ್ಸ್ ಕಾರುಗಳಿಗೆ ಮೀಸಲಾಗಿತ್ತು, ಈಗ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ಗಾಡಿಗೇ ಬಂದಿದೆ. ಇಲ್ಲಿ ಕಲಿಯಬೇಕಾದದ್ದು ಎಳೆತವನ್ನು ಹೊರತೆಗೆಯುವುದನ್ನಲ್ಲ, ಹಿಡಿತದಲ್ಲಿಡುವುದನ್ನು. ಮಕ್ಕಳಿಗೆ ಹೊಟ್ಟೆ ತೊಳಸುವುದು ವೇಗದಿಂದಲ್ಲ, ವೇಗ ಥಟ್ಟನೆ ಏರಿ ಥಟ್ಟನೆ ಇಳಿಯುವುದರಿಂದ. ಆಕ್ಸಿಲರೇಟರ್ ಬಿಟ್ಟೊಡನೆ ತಾನೇ ನಿಧಾನಿಸುವ ಗಾಡಿಯಲ್ಲಿ ಇದು ಇನ್ನಷ್ಟು. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಕಪ್ ಇಡುವ ಗೂಡಿನಲ್ಲಿಟ್ಟು, ಅದರೊಳಗಿನ ನೀರು ಒಂದೇ ಸಲ ವಾಲಿ ಹಾಗೆಯೇ ನಿಲ್ಲುವಂತೆ, ಹೊಯ್ದಾಡದಂತೆ ಓಡಿಸುವುದನ್ನು ಒಂದು ವಾರ ಅಭ್ಯಾಸ ಮಾಡಿದರೆ ಹಿಂದೆ ಕುಳಿತವರೇ ವ್ಯತ್ಯಾಸ ಹೇಳುತ್ತಾರೆ.

ನೂರರ ಆಚೆ

80ರ ಮೇಲೆ ಎಳೆತದ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 100ರ ಬದಲು 120ರಲ್ಲಿ ಓಡಿಸಿದರೆ ಗಾಳಿಯೊಂದಕ್ಕೇ 1.7 ಪಟ್ಟು ಶಕ್ತಿ ಸುರಿಯಬೇಕು. ಎಸ್‌ಯುವಿಗಳು ಎದೆ ಅಗಲಿಸಿ ನಿಂತ ಗಾಡಿಗಳಾದ್ದರಿಂದ ಸೆಡಾನ್‌ಗಿಂತ ಇವಕ್ಕೆ ಈ ಏಟು ಹೆಚ್ಚು, ಮೇಲೆ ಕ್ಯಾರಿಯರ್ ಕಟ್ಟಿದರಂತೂ ಕೇಳುವುದೇ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿ.ಮೀ.ಯನ್ನು ಎಲ್ಲೂ ನಿಲ್ಲದೆ 100ರ ಮಿತಿಯಲ್ಲೇ ಸಾಗಿದರೆ 71 ನಿಮಿಷ, ಮಿತಿ ಮೀರಿ 120ರಲ್ಲಿ ಸಾಗಿದರೆ 59 ನಿಮಿಷ. ಉಳಿದ ಆ 12 ನಿಮಿಷವನ್ನು ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದಾಗ ಕಳೆದುಬಿಡುತ್ತೇವೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಸದ್ದು ಬರುವುದು ಕಡ್ಡಾಯವಾಗಿದೆ. ಅದನ್ನು ನಿಲ್ಲಿಸುವ ದಾರಿ ಹುಡುಕುವವರಿದ್ದಾರೆ. ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೇ ಸುಲಭದ ದಾರಿ.

ಎಳೆತದಷ್ಟೇ ಮುಖ್ಯವಾಗಿ ನಿಲುಗಡೆಯ ದೂರವೂ ತಿಳಿದಿರಬೇಕು. ಎದುರಿಗೆ ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು, ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಎಂದು ಲೆಕ್ಕ ಹಾಕಿದರೆ 80ರಿಂದ ನಿಲ್ಲಲು ಸುಮಾರು 69 ಮೀಟರ್ ಬೇಕು, 100ರಿಂದ 97 ಮೀಟರ್. ಮಳೆಯಲ್ಲಿ, ಸವೆದ ಟೈರಿನಲ್ಲಿ ಇವೆರಡೂ ಇನ್ನಷ್ಟು ಉದ್ದವಾಗುತ್ತವೆ. ಘಾಟಿ ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಲಾರಿ ಚಾಲಕರ ಮಾತು, ತುಂಬಿದ ಎಸ್‌ಯುವಿಗೂ ಚಾಚೂ ತಪ್ಪದೆ ಅನ್ವಯಿಸುತ್ತದೆ.

ಟೈರಿನ ಗಾಳಿಗೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ತುಂಬಿದ ಭಾರಕ್ಕೆ ಬೇರೆಯೇ ಅಂಕಿ ಇರುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಎಲ್ಲ ಗಾಡಿಗೂ ಒಂದೇ ಅಂಕಿ ತುಂಬುತ್ತಾನೆ, ಅವನಿಗೆ ನೀವೇ ಹೇಳಬೇಕು.

ಕೊನೆಗೆ, ಅಳೆದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನನ್ನ ಗಾಡಿಯ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ, ವಿಮೆಯ ಕಾಗದದ ಹಿಂಬದಿಯಲ್ಲಿ ನಾಲ್ಕು ಸಾಲು ಇವೆ: ಒಬ್ಬನೇ ಇದ್ದಾಗ ಮೂರನೇ ಗೇರಿನಲ್ಲಿ ಎಷ್ಟು, ನಾಲ್ಕನೆಯದರಲ್ಲಿ ಎಷ್ಟು, ಮನೆಮಂದಿ ತುಂಬಿದಾಗ ಅವೆರಡೂ ಎಷ್ಟೆಷ್ಟು. ಟೈರ್ ಬದಲಿಸಿದಾಗಲೊಮ್ಮೆ, ದೊಡ್ಡ ಸರ್ವಿಸ್ ಆದ ಮೇಲೊಮ್ಮೆ ಮತ್ತೆ ಅಳೆಯುತ್ತೇನೆ. ಅದೇ ಗೇರಿನಲ್ಲಿ, ಅದೇ ರಸ್ತೆಯಲ್ಲಿ ಒಂದು ಸೆಕೆಂಡು ಹೆಚ್ಚಾಗಿದ್ದರೆ ಏರ್ ಫಿಲ್ಟರ್ ಕಟ್ಟಿದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ, ಕ್ಲಚ್ ಜಾರುತ್ತಿದೆಯೇ ಎಂದು ಆ ಕ್ರಮದಲ್ಲೇ ಮೆಕ್ಯಾನಿಕ್ ಹತ್ತಿರ ನೋಡಿಸುತ್ತೇನೆ.